ಬರಿಗೈ ತಂಡದ ಮೊದಲ ರೋಬೋ

ರೋಬೋ ಸ್ಪರ್ಧೆಗೆ ಮೊದಲ ಸಲ ಹೊರಟ ತಂಡಕ್ಕೆ ದೊಡ್ಡವರು ಹೇಳುವ ಸಮಾಧಾನದ ಮಾತೊಂದಿದೆ: ‘ದುಡ್ಡು ಮುಖ್ಯ ಅಲ್ಲ, ಉತ್ಸಾಹ ಇದ್ದರೆ ಸಾಕು.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮುಜುಗರವಾಗುತ್ತದೆ. ಸುಟ್ಟ ಮೋಟರಿಗೆ ಬದಲಿ ಇಲ್ಲದೆ ಇಡೀ ಮಧ್ಯಾಹ್ನ ಕೈಕಟ್ಟಿ ಕೂತ ಹುಡುಗಿಗೆ ಉತ್ಸಾಹದ ಕೊರತೆ ಇರುವುದಿಲ್ಲ. ಮೋಟರಿನ ಕೊರತೆ ಇರುತ್ತದೆ. ಒಂದೇ ಬ್ಯಾಟರಿ ಇರುವ ತಂಡ ಎರಡು ಮ್ಯಾಚ್‌ಗಳ ನಡುವೆ ಚಾರ್ಜರಿನ ಹಸಿರು ದೀಪಕ್ಕೆ ಕಾಯುತ್ತದೆ. ನಾಲ್ಕು ಬ್ಯಾಟರಿ ಇರುವ ತಂಡಕ್ಕೆ ಆ ಚಿಂತೆಯೇ ಇಲ್ಲ. ದುಡ್ಡು ಮುಖ್ಯವೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನ ಮಾತು ಸಲೀಸು.

ದುಡ್ಡಿದ್ದರೆ ಒಳ್ಳೆಯ ಚಕ್ರ ಸಿಗುತ್ತದೆ, ಸದ್ದಿಲ್ಲದ ಗೇರ್‌ಬಾಕ್ಸ್ ಸಿಗುತ್ತದೆ, ಅಲ್ಯೂಮಿನಿಯಂ ಕೊರೆಯುವ ಯಂತ್ರವೂ ಸಿಗುತ್ತದೆ. ಸಿಗದೇ ಇರುವುದು ದಿನಗಳು. ಪ್ರತಿ ವರ್ಷದ ಹೊಸ ಆಟದ ನಿಯಮ ಹೊರಬಿದ್ದ ದಿನದಿಂದ ಸ್ಪರ್ಧೆಯ ಬೆಳಗಿನವರೆಗೆ ಎಲ್ಲರಿಗೂ ಅಷ್ಟೇ ದಿನಗಳು. ಹೊಸ ತಂಡಗಳು ಸೋಲುವುದನ್ನು ನೋಡುತ್ತ ಬಂದ ನನಗೆ ಅನ್ನಿಸಿರುವುದು ಇದು: ಹೆಚ್ಚಿನವು ಸೋಲುವುದು ಬಿಡಿಭಾಗ ಕಡಿಮೆಯಾಗಿ ಅಲ್ಲ, ಆಸೆ ಜಾಸ್ತಿಯಾಗಿ. ರೋಬೋ ಎತ್ತಬೇಕು, ಎಸೆಯಬೇಕು, ಹತ್ತಬೇಕು, ತಾನೇ ದಾರಿ ಹುಡುಕಬೇಕು ಎಂದು ಹೊರಟವರು ಕೊನೆಯ ರಾತ್ರಿಯವರೆಗೆ ಕಟ್ಟುತ್ತಲೇ ಇರುತ್ತಾರೆ. ರೋಬೋ ನೆಲದ ಮೇಲೆ ಮೊದಲ ಸಲ ಓಡುವುದು ಸ್ಪರ್ಧೆಯ ಅಂಗಳದಲ್ಲೇ. ಏನನ್ನು ಮಾಡುವುದಿಲ್ಲ ಎಂದು ಮೊದಲ ವಾರದಲ್ಲೇ ತೀರ್ಮಾನಿಸಿದ ತಂಡ, ಉಳಿದ ಅಷ್ಟೂ ದಿನ ಮಾಡುವ ಒಂದೇ ಕೆಲಸವನ್ನು ತಿದ್ದುತ್ತ ಕೂರಬಹುದು. ಆ ತೀರ್ಮಾನಕ್ಕೆ ಕಾಸು ಬೇಡ. ಧೈರ್ಯ ಬೇಕು.

ಈ ವಿಷಯದಲ್ಲಿ ಎಲ್ಲರೂ ಹೇಳುವ ಒಂದು ಕತೆ ಇದೆ, ನಾನೂ ಹೇಳುತ್ತೇನೆ. ಆದರೆ ಸಾಮಾನ್ಯವಾಗಿ ಹೇಳುವ ರೀತಿಯಲ್ಲಿ ಅಲ್ಲ. 2004ರಲ್ಲಿ ಅಮೆರಿಕದ ಸಾಂಟಾ ಬಾರ್ಬರಾದಲ್ಲಿ ನೀರೊಳಗಿನ ರೋಬೋಗಳ ಸ್ಪರ್ಧೆ ನಡೆಯಿತು. ಅರಿಝೋನಾದ ಫೀನಿಕ್ಸ್ ನಗರದ ಕಾರ್ಲ್ ಹೇಡನ್ ಹೈಸ್ಕೂಲಿನ ನಾಲ್ವರು ಹುಡುಗರು, ಮೆಕ್ಸಿಕೋದಿಂದ ವಲಸೆ ಬಂದ ಮನೆಗಳ ಮಕ್ಕಳು, ಫ್ರೆಡಿ ಲಾಜ್ವರ್ದಿ ಮತ್ತು ಅಲನ್ ಕ್ಯಾಮರೂನ್ ಎಂಬ ಇಬ್ಬರು ಮೇಷ್ಟರ ಜೊತೆ ಅಲ್ಲಿಗೆ ಹೋದರು. ಅವರ ರೋಬೋದ ಮೈ ಪಿವಿಸಿ ಪೈಪಿನದು. ಖರ್ಚು ಸುಮಾರು 800 ಡಾಲರ್. ಪೈಪಿಗೆ ಬಳಸಿದ ಅಂಟಿನ ವಾಸನೆಯಿಂದಾಗಿ ಅದಕ್ಕೆ ‘ಸ್ಟಿಂಕಿ’ ಎಂದು ಹೆಸರಿಟ್ಟಿದ್ದರು. ಹೈಸ್ಕೂಲುಗಳ ವಿಭಾಗ ಬಿಟ್ಟು ಕಾಲೇಜುಗಳಿರುವ ಮೇಲಿನ ವಿಭಾಗಕ್ಕೆ ಹೆಸರು ಕೊಟ್ಟರು. ಕಾಲೇಜಿನವರ ಎದುರು ಸೋತರೆ ನಾಚಿಕೆ ಇಲ್ಲ ಎಂಬ ಲೆಕ್ಕಾಚಾರ. ಕೊನೆಗೆ ಗೆದ್ದವರು ಅವರು. ಎರಡನೆಯ ಸ್ಥಾನಕ್ಕೆ ಬಂದದ್ದು ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿ.

ಸ್ಪರ್ಧೆಗೆ ಮುನ್ನ ಅವರ ರೋಬೋದ ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಗೆ ನೀರು ಜಿನುಗುತ್ತಿತ್ತು. ಸೋರಿಕೆ ನಿಲ್ಲಿಸಲು ಸಮಯವಿರಲಿಲ್ಲ. ಬಂದ ನೀರನ್ನು ಹೀರಿಕೊಳ್ಳುವ ಏನನ್ನಾದರೂ ಒಳಗಿಟ್ಟರಾಯಿತಲ್ಲ ಎಂದುಕೊಂಡು ಮುಟ್ಟಿನ ದಿನಗಳಲ್ಲಿ ಬಳಸುವ ಟ್ಯಾಂಪೂನ್‌ಗಳನ್ನು ತಂದು ಪೆಟ್ಟಿಗೆಯೊಳಗೆ ಇಟ್ಟರು. ಕತೆ ಕೇಳಿದವರೆಲ್ಲ ಇಲ್ಲಿ ನಕ್ಕು, ‘ನೋಡಿ, ಬಡವರ ಬುದ್ಧಿವಂತಿಕೆ’ ಎಂದು ಮುಗಿಸುತ್ತಾರೆ. ನನಗೆ ಹೆಚ್ಚು ಮುಖ್ಯ ಅನ್ನಿಸುವ ಸಂಗತಿ ಬೇರೆ. ಅವರಿಗೆ ಒಟ್ಟಾರೆ ಪ್ರಶಸ್ತಿಯ ಜೊತೆಗೆ ವಿನ್ಯಾಸದ ಪ್ರಶಸ್ತಿ ಬಂತು, ತಾಂತ್ರಿಕ ವರದಿಗೂ ಪ್ರಶಸ್ತಿ ಬಂತು. ವರದಿ! ಇಂಗ್ಲಿಷ್ ಮನೆಮಾತಲ್ಲದ ಹುಡುಗರು ತಮ್ಮ ರೋಬೋದ ಒಂದೊಂದು ತೀರ್ಮಾನಕ್ಕೂ ಕಾರಣ ಬರೆದು ವಿವರಿಸಿದ್ದರು. ಯಾವುದನ್ನು ಯಾಕೆ ಮಾಡಿದೆವು ಎಂದು ಹೇಳಬಲ್ಲವರು, ನೀರು ಒಳಗೆ ಬಂದಾಗ ಏನು ಮಾಡಬೇಕೆಂದೂ ಯೋಚಿಸಬಲ್ಲರು. ಪ್ರಶಸ್ತಿ ಬಂದದ್ದು ಬಡತನಕ್ಕಲ್ಲ.

ಕೈಯಲ್ಲಿರುವುದರಲ್ಲೇ ಕಟ್ಟುವುದು ಈ ಆಟದ ಹುಟ್ಟುಗುಣ ಕೂಡ. 1970ರ ದಶಕದಲ್ಲಿ ಎಂಐಟಿಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ತಮ್ಮ ವಿನ್ಯಾಸದ ತರಗತಿಯಲ್ಲಿ ಪ್ರತಿ ವಿದ್ಯಾರ್ಥಿಗೂ ಚಿಲ್ಲರೆ ಸಾಮಾನುಗಳ ಒಂದೇ ಥರದ ಚೀಲ ಕೊಟ್ಟು, ಇದರಲ್ಲೇ ಯಂತ್ರ ಮಾಡಿ ಸ್ಪರ್ಧಿಸಿ ಎನ್ನುತ್ತಿದ್ದರು. ಮುಂದೆ ಡೀನ್ ಕೇಮನ್ 1989ರಲ್ಲಿ ‘ಫಸ್ಟ್’ ಸಂಸ್ಥೆ ಸ್ಥಾಪಿಸಿದಾಗ ಅದೇ ಫ್ಲವರ್ಸ್ ಅವರ ಜೊತೆ ಸೇರಿ ಹೈಸ್ಕೂಲು ಮಕ್ಕಳ ಸ್ಪರ್ಧೆಗೆ ರೂಪ ಕೊಟ್ಟರು. ಮೊದಲ ಸ್ಪರ್ಧೆ ನಡೆದದ್ದು 1992ರಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಒಂದು ಹೈಸ್ಕೂಲಿನ ಜಿಮ್ನೇಶಿಯಮ್ಮಿನಲ್ಲಿ, 28 ತಂಡಗಳ ನಡುವೆ. ಆವತ್ತು ಅಲ್ಲಿದ್ದ ಎಲ್ಲ ತಂಡಗಳೂ ಹೊಸಬರೇ. ಈಗ ಲಾರಿಯಲ್ಲಿ ಸಾಮಾನು ಹೇರಿಕೊಂಡು ಬರುವ ತಂಡಗಳನ್ನು ಕಂಡು ಎದೆ ಒಡೆದುಕೊಳ್ಳುವ ಮಕ್ಕಳಿಗೆ ಇದನ್ನು ನೆನಪಿಸುತ್ತಿರುತ್ತೇನೆ.

ಸರಿ, ಶುರು ಎಲ್ಲಿಂದ? ನಿಯಮಗಳ ಪುಸ್ತಕದಿಂದ. ಅದು ಉಚಿತ, ಎಲ್ಲರಿಗೂ ಒಂದೇ, ಮತ್ತು ಅಚ್ಚರಿಯೆಂದರೆ ಬಹಳಷ್ಟು ತಂಡಗಳು ಅದನ್ನು ಪೂರ್ತಿ ಓದುವುದಿಲ್ಲ. ಒಬ್ಬರು ಓದಿ ಉಳಿದವರಿಗೆ ಹೇಳುತ್ತಾರೆ, ಹೇಳುವಾಗ ಅರ್ಧ ಜಾರಿಹೋಗುತ್ತದೆ. ಎಲ್ಲರೂ ಓದಿ. ಓದುತ್ತ ಅಂಕಗಳ ಪಟ್ಟಿಯ ಮುಂದೆ ನಿಲ್ಲಿ. ಫಸ್ಟ್‌ನ ದೊಡ್ಡ ಸ್ಪರ್ಧೆಯಲ್ಲಿ ಮ್ಯಾಚ್ ಎರಡೂವರೆ ನಿಮಿಷದ ಆಸುಪಾಸು. ಆರಂಭದ ಕೆಲವು ಸೆಕೆಂಡು, ಬಹುತೇಕ ವರ್ಷಗಳಲ್ಲಿ 15, ರೋಬೋ ಯಾರ ಕೈಗೂ ಸಿಗದೆ ತನ್ನ ಕೋಡಿನ ಮೇಲೆ ಓಡಬೇಕು. 2018ರ ಆಟದಲ್ಲಿ ಆ ಹೊತ್ತಿನಲ್ಲಿ ಸುಮ್ಮನೆ ಮುಂದೆ ಹೋಗಿ ಗೆರೆ ದಾಟಿದರೆ 5 ಅಂಕ ಸಿಗುತ್ತಿತ್ತು. 2024ರಲ್ಲಿ ಹೊರಟ ಜಾಗ ಬಿಟ್ಟು ಹೊರಬಂದರೆ 2 ಅಂಕ, 2025ರಲ್ಲಿ 3. ಮೋಟರುಗಳನ್ನು ಎರಡು ಸೆಕೆಂಡು ತಿರುಗಿಸಿ ನಿಲ್ಲಿಸುವ ನಾಲ್ಕು ಸಾಲಿನ ಕೋಡ್ ಸಾಕು ಇದಕ್ಕೆ. ಕ್ಯಾಮೆರಾ ಬೇಡ, ಗಣಿತ ಬೇಡ. ಆದರೂ ಮೊದಲ ಕ್ಷಣಗಳಲ್ಲಿ ಕದಲದೆ ನಿಂತ ರೋಬೋಗಳು ಪ್ರತಿ ಸ್ಪರ್ಧೆಯಲ್ಲೂ ಕಾಣಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಮೈತುಂಬ ಸೆನ್ಸರ್ ಇರುತ್ತದೆ.

ನಿಯಮ ಓದಿದ ಮೇಲೆ ಮಾಡುವ ಕೆಲಸಗಳ ಪಟ್ಟಿ ಬರೆಯಿರಿ, ಬರೆದು ಅದರಲ್ಲಿ ಹೆಚ್ಚಿನವನ್ನು ಹೊಡೆದುಹಾಕಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕಿರಿಯರ ಬಾಯಿ ಮುಚ್ಚಿಸಲು ಬಳಸುವುದೇ ಹೆಚ್ಚು, ಆದ್ದರಿಂದ ಅದನ್ನು ಹೇಳಲು ನನಗೆ ಹಿಂಜರಿಕೆ. ಆದರೆ ಇಲ್ಲಿ ಹಾಸಿಗೆ ಅಂದರೆ ನಿಮ್ಮ ಬಳಿ ಇರುವ ಸಂಜೆಗಳು, ಸ್ಕ್ರೂಡ್ರೈವರ್ ಹಿಡಿಯಬಲ್ಲ ಕೈಗಳು, ಕೋಡ್ ಬರೆಯಬಲ್ಲ ಒಂದೋ ಎರಡೋ ತಲೆಗಳು. ಅಷ್ಟರಲ್ಲಿ ಏನು ಹಿಡಿಸುತ್ತದೆ ಎಂದು ನೋಡಿ.

ಮೊದಲು ಹೊಡೆದುಹಾಕಬೇಕಾದದ್ದು ಯಾವುದು ಎಂದು ಕೇಳಿದರೆ ನಾನು ಚಕ್ರಗಳತ್ತ ಕೈ ತೋರಿಸುತ್ತೇನೆ. ಹೊಸ ತಂಡಗಳಿಗೆ ಮೆಕ್ಯಾನಮ್ ಚಕ್ರದ ಮೇಲೆ ಅದೇನೋ ಮೋಹ. 1970ರ ದಶಕದಲ್ಲಿ ಸ್ವೀಡನ್ನಿನ ಎಂಜಿನಿಯರ್ ಬೆಂಗ್ಟ್ ಇಲಾನ್ ಕಂಡುಹಿಡಿದ ಈ ಚಕ್ರದ ಅಂಚಿನಲ್ಲಿ 45 ಡಿಗ್ರಿ ಓರೆಯಾಗಿ ಉರುಳೆಗಳಿರುತ್ತವೆ. ನಾಲ್ಕು ಚಕ್ರಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿದರೆ ರೋಬೋ ಏಡಿಯ ಥರ ಪಕ್ಕಕ್ಕೂ ಸರಿಯುತ್ತದೆ. ನೋಡಲು ಚೆಂದ. ಆದರೆ ನಾಲ್ಕು ಚಕ್ರಗಳ ಮೇಲೂ ಭಾರ ಸಮನಾಗಿ ಬೀಳದಿದ್ದರೆ ನೇರ ಹೋಗಬೇಕಾದದ್ದು ಓರೆ ಹೋಗುತ್ತದೆ, ಎದುರಾಳಿ ಬದಿಯಿಂದ ಒತ್ತಿದರೆ ಹಿಡಿತ ಸಿಗದೆ ಜಾರುತ್ತದೆ. ಎಡಬದಿಯ ಚಕ್ರಗಳೆಲ್ಲ ಒಟ್ಟಿಗೆ, ಬಲಬದಿಯವೆಲ್ಲ ಒಟ್ಟಿಗೆ ತಿರುಗುವ ಸಾದಾ ಗಾಡಿಗೆ ಈ ತೊಂದರೆಗಳಿಲ್ಲ. ಇಂಥ ಆರು ಚಕ್ರದ ಗಾಡಿಯಲ್ಲಿ ನಡುವಿನ ಎರಡು ಚಕ್ರಗಳನ್ನು ಬರೀ 3 ಮಿಲಿಮೀಟರ್‌ನಷ್ಟು ಕೆಳಗೆ ಕೂರಿಸುವ ಹಳೆಯ ಉಪಾಯವೊಂದಿದೆ. ಆಗ ಯಾವ ಕ್ಷಣದಲ್ಲೂ ನಾಲ್ಕೇ ಚಕ್ರ ನೆಲ ಮುಟ್ಟುತ್ತವೆ, ತಿರುಗುವಾಗ ಮೂಲೆಯ ಚಕ್ರಗಳು ನೆಲಕ್ಕೆ ಉಜ್ಜಿ ಅಡ್ಡಿ ಮಾಡುವುದಿಲ್ಲ. ಖರ್ಚಿಲ್ಲ, ತೂತು ಕೊರೆಯುವ ಮುನ್ನ ಅಳತೆ ಹಾಕಿದರೆ ಮುಗಿಯಿತು.

ಇನ್ನೊಬ್ಬರ ವಿನ್ಯಾಸ ನೋಡಿ ಮಾಡುವುದಕ್ಕೆ ಹೊಸ ತಂಡಗಳು ನಾಚುತ್ತವೆ, ನಕಲು ಹೊಡೆದಂತೆ ಎಂದು. ಶಾಲೆ ಕಲಿಸಿದ ಕೆಟ್ಟ ಪಾಠಗಳಲ್ಲಿ ಇದೊಂದು. ಟೆಕ್ಸಸ್‌ನಲ್ಲಿ ‘ರೋಬೋನಾಟ್ಸ್’ ಎಂಬ ತಂಡವಿದೆ, ಸ್ಪರ್ಧೆಯಲ್ಲಿ ಅವರ ತಂಡದ ಸಂಖ್ಯೆ 118, ಬಹಳ ಬಲಶಾಲಿಗಳು. ಅವರು ಪ್ರತಿ ವರ್ಷ ತಮ್ಮ ದೊಡ್ಡ ರೋಬೋದ ಜೊತೆಗೆ ‘ಎವರಿಬಾಟ್’ ಎಂಬ ಸರಳ ರೋಬೋವನ್ನೂ ಕಟ್ಟಿ, ಅದರ ನಕ್ಷೆ, ಸಾಮಾನುಗಳ ಪಟ್ಟಿ, ಕೋಡ್ ಎಲ್ಲವನ್ನೂ ಹಂಚುತ್ತಾರೆ. ಕೈಗರಗಸ, ಡ್ರಿಲ್ ಇರುವ ತಂಡವೂ ಮಾಡಬಲ್ಲಂತೆ ಅದನ್ನು ಯೋಚಿಸಿರುತ್ತಾರೆ. 2013ರಿಂದ ಕೆಲವು ಗುಂಪುಗಳು ಆಟ ಪ್ರಕಟವಾದ ಮೂರೇ ದಿನದಲ್ಲಿ ಒಂದು ರೋಬೋ ಕಟ್ಟಿ ವಿಡಿಯೋ ಹಾಕುವ ಪದ್ಧತಿಯೂ ಇದೆ. ನೋಡಿ, ತೆಗೆದುಕೊಳ್ಳಿ, ಎಲ್ಲಿಂದ ತೆಗೆದುಕೊಂಡಿರಿ ಎಂದು ಹೇಳಿ. ಎವರಿಬಾಟ್ ಮಾಡಿದ ಮೂರು ತಂಡಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಮೂರೂ ಬೇರೆಯಾಗಿ ಓಡುತ್ತವೆ; ಕಟ್ಟಿದವರ ಕೈ ಅಲ್ಲಿ ಕಾಣುತ್ತದೆ.

ಈಗ ನನಗೆ ತುಂಬ ಇಷ್ಟವಾದ, ಕೇಳುವವರಿಗೆ ಸ್ವಲ್ಪ ಬೇಸರ ತರಿಸುವ ವಿಷಯಕ್ಕೆ ಬರುತ್ತೇನೆ: ವಿದ್ಯುತ್ತು ಮತ್ತು ವೈರ್. ಮೊದಲ ವರ್ಷದ ರೋಬೋ ಅಂಗಳದ ನಡುವೆ ಸತ್ತು ನಿಂತರೆ ಎಲ್ಲರೂ ಕೋಡ್ ತೆರೆದು ಕೂರುತ್ತಾರೆ. ತಪ್ಪು ಅಲ್ಲಿರುವುದು ಅಪರೂಪ. ಮೊದಲು ವೈರ್ ಎಳೆದು ನೋಡಿ. ಪ್ರತಿಯೊಂದು ಜೋಡಣೆಯನ್ನೂ ಹಿಡಿದು ಮೆಲ್ಲಗೆ ಎಳೆಯಿರಿ. ಕೈಗೆ ಬಂದರೆ ಅದು ಮ್ಯಾಚಿನಲ್ಲೂ ಬರುತ್ತದೆ. ಬೋರ್ಡಿಗೆ ಚುಚ್ಚುವ ತೆಳು ಜಂಪರ್ ವೈರುಗಳು ಮೇಜಿನ ಮೇಲಿನ ಪ್ರಯೋಗಕ್ಕೆ ಸರಿ, ಓಡುವ ಗಾಡಿಗೆ ಅಲ್ಲ. ಬೆಸುಗೆ ಹಾಕಿ, ಇಲ್ಲವೇ ಸ್ಕ್ರೂ ಇರುವ ಟರ್ಮಿನಲ್ ಬಳಸಿ, ವೈರಿಗೆ ಸ್ವಲ್ಪ ಸಡಿಲ ಬಿಟ್ಟು ಗಾಡಿಯ ಚೌಕಟ್ಟಿಗೆ ಕಟ್ಟಿ. ಕೆಂಪು, ಕಪ್ಪು ಬಣ್ಣದ ಶಿಸ್ತು ತಪ್ಪಬೇಡಿ. ಎರಡು ತುದಿಗೂ ಒಂದೇ ಹೆಸರಿನ ಚೀಟಿ ಅಂಟಿಸಿ.

ಸಣ್ಣ ರೋಬೋ ಕಟ್ಟುವವರಲ್ಲಿ ಹಲವರು ಎಲ್298ಎನ್ ಎಂಬ ಮೋಟರ್ ಡ್ರೈವರ್, ಅಂದರೆ ಮೋಟರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಬೋರ್ಡ್, ಕೊಳ್ಳುತ್ತಾರೆ. ಅಗ್ಗ, ಎಲ್ಲೆಡೆ ಸಿಗುತ್ತದೆ, ಗಟ್ಟಿ. ಆದರೆ ಅದು ಹಳೆಯ ವಿನ್ಯಾಸ. ಅದರೊಳಗಿನ ಟ್ರಾನ್ಸಿಸ್ಟರುಗಳು ಎರಡು ವೋಲ್ಟಿನಷ್ಟನ್ನು ತಾವೇ ತಿಂದು ಬಿಸಿಯಾಗುತ್ತವೆ. ಲೆಕ್ಕ ಹಾಕಿ. ರೀಚಾರ್ಜ್ ಮಾಡುವ ನಿಕ್ಕಲ್ ಸೆಲ್ ಒಂದಕ್ಕೆ 1.2 ವೋಲ್ಟ್, ನಾಲ್ಕು ಸೇರಿದರೆ 4.8. ಎರಡು ಹೋದರೆ ಮೋಟರಿಗೆ ಸಿಗುವುದು 2.8. ‘ನಮ್ಮ ಮೋಟರ್ ಕಳಪೆ’ ಎಂದು ಹೊಸ ಮೋಟರಿಗೆ ದುಡ್ಡು ಹೊಂದಿಸಲು ಓಡಾಡುವ ತಂಡದ ಮೋಟರಿನಲ್ಲಿ ದೋಷವೇ ಇರುವುದಿಲ್ಲ. ಇನ್ನೆರಡು ಸೆಲ್ ಸೇರಿಸಿ, ಅಥವಾ ಟಿಬಿ6612ನಂಥ, ಮಾಸ್‌ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್ ಇರುವ ಡ್ರೈವರ್ ಹಾಕಿ. ಅದರಲ್ಲಿ ಈ ನಷ್ಟ ತೀರ ಕಡಿಮೆ. ವೋಲ್ಟೇಜ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುವ ವಿಷಯ. ಬರಿಗೈ ತಂಡ ಕೊಳ್ಳಬೇಕಾದ ಮೊದಲ ಉಪಕರಣ ಯಾವುದು ಎಂದರೆ ನನ್ನ ಉತ್ತರ ಮಲ್ಟಿಮೀಟರ್. ತ್ರೀಡಿ ಪ್ರಿಂಟರ್ ಆಮೇಲೆ ನೋಡೋಣ.

ಇನ್ನೊಂದು ಮಾಯದ ಕಾಯಿಲೆ: ತೋಳು ಎತ್ತಿದ ಕೂಡಲೇ ಇಡೀ ರೋಬೋ ರೀಸ್ಟಾರ್ಟ್ ಆಗುವುದು. ತೋಳನ್ನು ಹೇಳಿದ ಕೋನಕ್ಕೆ ತಿರುಗಿಸಿ ಹಿಡಿಯುವ ಸರ್ವೋ ಮೋಟರ್ ಭಾರಕ್ಕೆ ಸಿಕ್ಕಿ ನಿಂತುಬಿಟ್ಟರೆ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ರೋಬೋದ ಮಿದುಳಾದ ಆರ್ಡುವಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ 5 ವೋಲ್ಟ್ ಪಿನ್‌ನಿಂದಲೇ ಅದಕ್ಕೆ ವಿದ್ಯುತ್ ಕೊಟ್ಟಿದ್ದರೆ ವೋಲ್ಟೇಜ್ ಕುಸಿದು ಬೋರ್ಡಿಗೇ ತಲೆ ಸುತ್ತುತ್ತದೆ. ಸರ್ವೋಗೆ ಬೇರೆ ಬ್ಯಾಟರಿ ಕೊಡಿ, ಎರಡರ ಗ್ರೌಂಡ್ (ಮೈನಸ್) ವೈರ್ ಮಾತ್ರ ಒಂದಕ್ಕೊಂದು ಸೇರಿಸಿ. ದೊಡ್ಡ ರೋಬೋಗಳಲ್ಲೂ ಇದೇ ಕತೆ, ಅಂಕಿ ಮಾತ್ರ ದೊಡ್ಡದು. ಫಸ್ಟ್‌ನ ದೊಡ್ಡ ಸ್ಪರ್ಧೆಯಲ್ಲಿ ಬಳಸುವುದು 12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿ. ಎಲ್ಲ ಮೋಟರುಗಳೂ ಒಟ್ಟಿಗೆ ಜಗ್ಗಿದಾಗ ಅದರ ವೋಲ್ಟೇಜ್ ಜರ್ರನೆ ಇಳಿಯುತ್ತದೆ. ಅಲ್ಲಿ ಬಹುಕಾಲ ಬಳಕೆಯಲ್ಲಿದ್ದ ರೋಬೋರಿಯೋ ನಿಯಂತ್ರಕ, ವೋಲ್ಟೇಜ್ 6.3ಕ್ಕಿಂತ (ಅದರ ಎರಡನೆಯ ಮಾದರಿಯಲ್ಲಿ 6.75ಕ್ಕಿಂತ) ಕೆಳಗೆ ಹೋದರೆ ತನ್ನನ್ನು ಉಳಿಸಿಕೊಳ್ಳಲು ಮೋಟರುಗಳನ್ನೇ ನಿಲ್ಲಿಸಿಬಿಡುತ್ತದೆ. ಹಳೆಯ ಬ್ಯಾಟರಿ ಪೂರ್ತಿ ಚಾರ್ಜ್ ಆದಂತೆ ಕಂಡರೂ ಭಾರ ಬಿದ್ದಾಗ ಬೇಗ ಕುಸಿಯುತ್ತದೆ. ಆದ್ದರಿಂದ ಬ್ಯಾಟರಿಗಳಿಗೆ ಹೆಸರೋ ಸಂಖ್ಯೆಯೋ ಕೊಟ್ಟು, ಯಾವುದು ಯಾವ ಮ್ಯಾಚಿನಲ್ಲಿ ಹೇಗೆ ನಡೆಯಿತು ಎಂದು ಬರೆದಿಡಿ. ಲಿಥಿಯಂ ಪಾಲಿಮರ್ ಬ್ಯಾಟರಿ ಬಳಸುವವರು ಒಂದೊಂದು ಸೆಲ್ಲೂ 4.2 ವೋಲ್ಟ್ ದಾಟದಂತೆ, 3ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ, ಉಬ್ಬಿದ್ದನ್ನು ಬಳಸಬೇಡಿ, ಚಾರ್ಜಿಗಿಟ್ಟು ಮನೆಗೆ ಹೋಗಬೇಡಿ. ಇದರಲ್ಲಿ ಮಾತ್ರ ಉಳಿತಾಯ ಬೇಡ.

ಸೆನ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೆರೆ ಹಿಡಿದು ಓಡುವ ರೋಬೋ ಆದರೆ ಸ್ಪರ್ಧೆಯ ಜಾಗದ ಬೆಳಕಿನಲ್ಲೇ ಮತ್ತೆ ಹೊಂದಿಸಬೇಕು, ಸೆನ್ಸರಿನ ಸುತ್ತ ಕಪ್ಪು ಕಾಗದದ ಮರೆ ಕಟ್ಟಬೇಕು. ಶಬ್ದದಿಂದ ದೂರ ಅಳೆಯುವ ಸೆನ್ಸರ್‌ಗೆ ಓರೆ ಗೋಡೆ, ಮೆತ್ತನೆ ಬಟ್ಟೆ ಕಾಣುವುದಿಲ್ಲ. ಇಷ್ಟು ಗೊತ್ತಿದ್ದರೆ ಎರಡು ಸೆನ್ಸರ್‌ನಲ್ಲಿ ಬಹಳ ದೂರ ಹೋಗಬಹುದು.

ಎಷ್ಟು ದೂರ ಎಂದರೆ, ಬ್ರಿಸ್ಟಲ್‌ನ ನರವಿಜ್ಞಾನಿ ವಿಲಿಯಂ ಗ್ರೇ ವಾಲ್ಟರ್ ಅವರನ್ನು ನೆನೆಯಬೇಕು. 1948–49ರಲ್ಲಿ ಅವರು ಎಲ್ಮರ್, ಎಲ್ಸಿ ಎಂಬ ಎರಡು ಯಾಂತ್ರಿಕ ಆಮೆಗಳನ್ನು ಕಟ್ಟಿದರು. ಯುದ್ಧ ಮುಗಿದು ಮಾರಾಟಕ್ಕೆ ಬಂದ ಹಳೆ ಸಾಮಾನು, ಹಳೆಯ ಅಲಾರಂ ಗಡಿಯಾರಗಳ ಹಲ್ಲುಗಾಲಿ, ಟ್ರಾನ್ಸಿಸ್ಟರಿಗೂ ಮುಂಚಿನ ಕಾಲದ ವ್ಯಾಕ್ಯೂಮ್ ಟ್ಯೂಬ್ ತಲಾ ಎರಡು, ಬೆಳಕು ನೋಡಲು ಒಂದು ಕಣ್ಣು, ಡಿಕ್ಕಿಯಾದರೆ ತಿಳಿಯಲು ಒಂದು ಸ್ವಿಚ್, ಎರಡು ಮೋಟರ್. ಕಂಪ್ಯೂಟರ್ ಇಲ್ಲ, ಕೋಡ್ ಇಲ್ಲ. ಆ ಆಮೆಗಳು ಬೆಳಕು ಹುಡುಕಿಕೊಂಡು ಹೋಗುತ್ತಿದ್ದವು, ಬೆಳಕು ತೀರ ಹೆಚ್ಚಾದರೆ ದೂರ ಸರಿಯುತ್ತಿದ್ದವು, ಅಡ್ಡ ಸಿಕ್ಕದ್ದನ್ನು ಸುತ್ತಿಕೊಂಡು ದಾಟುತ್ತಿದ್ದವು, ಬ್ಯಾಟರಿ ಇಳಿದಾಗ ದೀಪವಿರುವ ತಮ್ಮ ಗೂಡಿಗೆ ಮರಳುತ್ತಿದ್ದವು. ನೋಡಿದವರಿಗೆ ಅವು ಜೀವ ಇರುವಂತೆ ಕಂಡವು. ಇವತ್ತು ನಿಮ್ಮ ಕೈಯಲ್ಲಿರುವ ಅತಿ ಅಗ್ಗದ ಬೋರ್ಡಿನಲ್ಲಿ ಎರಡು ಟ್ಯೂಬಿಗಿಂತ ಎಷ್ಟೋ ಹೆಚ್ಚಿನದಿದೆ. ಸೆನ್ಸರ್ ಕಡಿಮೆ ಎಂದು ಕೊರಗುವ ಮೊದಲು ಇರುವ ಒಂದರಿಂದ ಏನೇನು ಮಾಡಿಸಬಹುದು ಎಂದು ಒಂದು ಸಂಜೆ ಕೂತು ಯೋಚಿಸಿ.

ಗಾಡಿ ಓಡಲು ಶುರುವಾದ ಕೂಡಲೇ ಓಡಿಸುವವರಿಗೆ ಕೊಟ್ಟುಬಿಡಿ. ತೋಳು ಇನ್ನೂ ಸಿದ್ಧವಿಲ್ಲ, ಬಣ್ಣ ಬಳಿದಿಲ್ಲ ಎಂದು ತಡೆಯಬೇಡಿ. ನೆಲದ ಮೇಲೆ ಟೇಪ್ ಅಂಟಿಸಿ ಅಂಗಳದ ಅಳತೆ ಹಾಕಿ, ರಟ್ಟಿನ ಪೆಟ್ಟಿಗೆಗಳನ್ನು ಅಡ್ಡ ಇಟ್ಟು ಓಡಿಸುತ್ತಲೇ ಇರಲಿ. ಹದವಾಗಿ ಓಡಿಸುವ ಕೈಯಲ್ಲಿ ಸಾಧಾರಣ ರೋಬೋ ಗೆಲ್ಲುವುದನ್ನು, ಅಂದದ ರೋಬೋ ಗೋಡೆಗೆ ಮುಖ ಮಾಡಿ ಒದ್ದಾಡುವುದನ್ನು ಯಾವ ಸ್ಪರ್ಧೆಗೆ ಹೋದರೂ ನೋಡಬಹುದು. ಇನ್ನೊಂದು ಲಾಭ: ಓಡಿಸಿದಷ್ಟೂ ಮುರಿಯುತ್ತದೆ, ಮುರಿದಷ್ಟೂ ಎಲ್ಲಿ ಬಲ ಸಾಲದು ಎಂದು ತಿಳಿಯುತ್ತದೆ, ಅದೂ ತಿದ್ದಲು ಸಮಯ ಇರುವಾಗಲೇ. ಸಿಕ್ಕ ದಿನಗಳಲ್ಲಿ ಮೂರನೇ ಒಂದು ಭಾಗವನ್ನಾದರೂ ಇದಕ್ಕೆ ಮೀಸಲಿಡಿ ಎನ್ನುತ್ತೇನೆ ನಾನು. ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ.

ಸಣ್ಣ ಕೆಲಸವನ್ನೇ ಪ್ರತಿ ಸಲ ತಪ್ಪದೆ ಮಾಡುವ ರೋಬೋಗೆ ಬೆಲೆ ಇದೆಯೇ ಎಂಬ ಅನುಮಾನ ಇರುವವರು ಫಸ್ಟ್‌ನ ದೊಡ್ಡ ಸ್ಪರ್ಧೆಯಲ್ಲಿ ತಂಡ ಆರಿಸಿಕೊಳ್ಳುವ ಹೊತ್ತನ್ನು ನೋಡಬೇಕು. ಅಲ್ಲಿ ಮೂರು ಮೂರು ತಂಡಗಳು ಒಂದಾಗಿ ಆಡುತ್ತವೆ. ಅಂತಿಮ ಸುತ್ತಿಗೆ ಮುನ್ನ ಮೇಲಿನ ಎಂಟು ತಂಡಗಳು ನಾಯಕರಾಗಿ ಜೊತೆಗಾರರನ್ನು ಆರಿಸುತ್ತವೆ. ಮೊದಲ ಸುತ್ತಿನಲ್ಲಿ ಒಂದನೆಯವರಿಂದ ಎಂಟನೆಯವರವರೆಗೆ, ಎರಡನೆಯ ಸುತ್ತಿನಲ್ಲಿ ತಿರುಗುಮುರುಗು, ಎಂಟರಿಂದ ಒಂದಕ್ಕೆ. ಎಂದರೆ ಎಲ್ಲರಿಗಿಂತ ಮೇಲಿರುವ ತಂಡಕ್ಕೆ ಎರಡನೆಯ ಜೊತೆಗಾರ ಸಿಗುವುದು ಎಲ್ಲರ ಆಯ್ಕೆ ಮುಗಿದ ಮೇಲೆ. ಆ ಹೊತ್ತಿಗೆ ಮಿಂಚುವ ರೋಬೋಗಳೆಲ್ಲ ಖಾಲಿ. ಆಗ ಆ ನಾಯಕರು ಹುಡುಕುವುದು ಏನನ್ನು? ಪ್ರತಿ ಮ್ಯಾಚಿಗೂ ಬಂದ, ಒಂದು ಸಲವೂ ಸತ್ತು ನಿಲ್ಲದ, ಹೇಳಿದ ಜಾಗದಲ್ಲಿ ನಿಂತು ಎದುರಾಳಿಗೆ ಅಡ್ಡ ಹಾಕಬಲ್ಲ ಗಾಡಿಯನ್ನು. ಒಳ್ಳೆಯ ತಂಡಗಳ ಹುಡುಗರು ಎರಡು ದಿನವೂ ಪ್ರೇಕ್ಷಕರ ಸಾಲಿನಲ್ಲಿ ಕೂತು ಪ್ರತಿಯೊಂದು ರೋಬೋದ ಬಗ್ಗೆ ಬರೆದುಕೊಳ್ಳುತ್ತಿರುತ್ತಾರೆ. ನಿಮ್ಮನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡಾಗಲೂ ಅವರು ನೋಡುತ್ತಿರುತ್ತಾರೆ. ಮೊದಲ ವರ್ಷದ ತಂಡವೊಂದು ಹೀಗೆ ಕರೆಸಿಕೊಂಡು, ಅಂಗಳಕ್ಕೆ ಇಳಿಯುವಾಗ ತಮ್ಮನ್ನೇ ಕರೆದರೋ ಎಂದು ಹಿಂದೆ ತಿರುಗಿ ನೋಡುವುದನ್ನು ಕಂಡರೆ ನನಗೆ ಬಲು ಖುಷಿ.

ಕೇಳುವುದಕ್ಕೆ ಸಂಕೋಚ ಬೇಡ. ಈ ಸ್ಪರ್ಧೆಗಳಲ್ಲಿ ಎದುರಾಳಿಗೆ ಸ್ಪ್ಯಾನರ್ ಕೊಡುವುದು ರೂಢಿ; ಹಾಗೆ ನಡೆದುಕೊಳ್ಳುವುದೇ ಈ ಆಟದ ಮರ್ಯಾದೆ ಎಂದು ಫ್ಲವರ್ಸ್ ಬದುಕಿರುವಷ್ಟು ದಿನ ಹೇಳುತ್ತಿದ್ದರು. ಬದಲಿ ಬೋಲ್ಟ್ ಬೇಕೆ, ಬ್ಯಾಟರಿ ಬೇಕೆ, ಕೋಡ್ ನೋಡಲು ಇನ್ನೊಂದು ಜೊತೆ ಕಣ್ಣು ಬೇಕೆ, ಪಕ್ಕದ ಪಿಟ್‌ಗೆ, ಅಂದರೆ ಇನ್ನೊಂದು ತಂಡ ತನ್ನ ರೋಬೋ ರಿಪೇರಿ ಮಾಡುವ ಜಾಗಕ್ಕೆ, ಹೋಗಿ ಕೇಳಿ. ಆದರೆ ಹೇಗೆ ಕೇಳುತ್ತೀರಿ ಎನ್ನುವುದು ಮುಖ್ಯ. ‘ನಮ್ಮ ರೋಬೋ ಓಡುತ್ತಿಲ್ಲ’ ಎಂದರೆ ಪಾಪ ಅವರೇನು ಮಾಡಿಯಾರು? ‘ಎಡಗಡೆ ಮೋಟರಿಗೆ 12 ವೋಲ್ಟ್ ಬರುತ್ತಿದೆ, ಆದರೂ ತಿರುಗುತ್ತಿಲ್ಲ, ಕೈಯಿಂದ ತಿರುಗಿಸಿದರೆ ಸಲೀಸಾಗಿದೆ’ ಎಂದರೆ ಐದು ಜನ ಓಡಿ ಬರುತ್ತಾರೆ. ಊರಿನ ಉದ್ದಿಮೆಗಳ ಬಳಿ ಹೋಗುವಾಗಲೂ ಅಷ್ಟೇ. ‘ಸಹಾಯ ಮಾಡಿ’ ಎಂದರೆ ನೋಡೋಣ ಎನ್ನುತ್ತಾರೆ. ‘ಇಷ್ಟು ಉದ್ದದ ಅಲ್ಯೂಮಿನಿಯಂ ಪಟ್ಟಿ ನಾಲ್ಕು ಬೇಕು, ನಿಮ್ಮಲ್ಲಿ ಕತ್ತರಿಸಿ ಉಳಿದ ತುಂಡಾದರೂ ನಡೆಯುತ್ತದೆ’ ಎಂದರೆ ಅದು ಕೊಡಬಹುದಾದ ವಸ್ತು. ದುಡ್ಡಿಗಿಂತ ವಸ್ತು, ಯಂತ್ರದ ಮೇಲೆ ಒಂದು ಗಂಟೆ, ತಿಳಿದವರ ಒಂದು ಶನಿವಾರ ಕೇಳುವುದು ಸುಲಭ.

2017ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಫಸ್ಟ್ ಗ್ಲೋಬಲ್ ಎಂಬ ಅಂತರರಾಷ್ಟ್ರೀಯ ರೋಬೋ ಸ್ಪರ್ಧೆಗೆ ಹೊರಟ ಅಫ್ಘಾನಿಸ್ತಾನದ ಹುಡುಗಿಯರ ತಂಡವನ್ನು ಇಲ್ಲಿ ಹೇಳಲೇಬೇಕು. ಅವರ ಕಿಟ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿತ್ತು, ಬೇರೆ ದೇಶಗಳವರು ತಿಂಗಳುಗಟ್ಟಲೆ ಕಟ್ಟುತ್ತಿದ್ದಾಗ ಇವರಿಗೆ ಸಿಕ್ಕದ್ದು ಕೆಲವೇ ವಾರ. ಎರಡು ಸಲ ವೀಸಾ ನಿರಾಕರಣೆಯಾಗಿ, ಸುದ್ದಿಯಾಗಿ, ಕೊನೆ ಗಳಿಗೆಯಲ್ಲಿ ಅನುಮತಿ ಸಿಕ್ಕಿತು. ಅಲ್ಲಿ ಅವರ ಧೈರ್ಯಕ್ಕೆ ಬೆಳ್ಳಿ ಪದಕ ಕೊಟ್ಟರು. ಪತ್ರಿಕೆಗಳು ಅಲ್ಲಿಗೆ ನಿಲ್ಲಿಸಿದವು. ನನಗೆ ಹೆಚ್ಚು ಹಿಡಿಸಿದ್ದು ಆಮೇಲಿನದು: 2020ರಲ್ಲಿ ಕೋವಿಡ್ ಬಂದಾಗ ಆ ತಂಡ, ಅಷ್ಟರಲ್ಲಿ ಸದಸ್ಯರು ಬದಲಾಗಿದ್ದರು, ಹಳೆಯ ಟೊಯೋಟಾ ಕೊರೊಲ್ಲಾ ಕಾರಿನ ಬಿಡಿಭಾಗ ಬಳಸಿ ಕಡಿಮೆ ಖರ್ಚಿನ ವೆಂಟಿಲೇಟರ್ ಮಾದರಿ ಕಟ್ಟಲು ಕೂತಿತು. ಸಿಗುವ ವಸ್ತು ಯಾವುದು ಎಂದು ಮೊದಲು ನೋಡಿ, ಅದರಿಂದ ಹಿಂದಕ್ಕೆ ಯೋಚಿಸುವ ಅಭ್ಯಾಸ ಅವರಿಗಾಗಿತ್ತು.

ಸೋಲಿನ ಬಗ್ಗೆ? ಮೊದಲ ವರ್ಷ ಸೋಲುವುದೇ ಹೆಚ್ಚು. ನಗುವುದನ್ನು ಕಲಿಯಿರಿ. ಜಪಾನಿನಲ್ಲಿ 2014ರಿಂದ ‘ಹೆಬೋಕಾನ್’ ಎಂಬ ಕುಸ್ತಿ ನಡೆಯುತ್ತದೆ, ರೋಬೋ ಕಟ್ಟಲು ಬಾರದವರಿಗಾಗಿಯೇ. ನೆಟ್ಟಗೆ ನಡೆಯಲೂ ಆಗದ ರೋಬೋಗಳು ಒಂದನ್ನೊಂದು ತಳ್ಳುತ್ತವೆ, ಬಿಡಿಭಾಗ ಉದುರುತ್ತವೆ, ಜನ ಬಿದ್ದು ಬಿದ್ದು ನಗುತ್ತಾರೆ. ತೀರ ಮುಂದುವರಿದ ತಂತ್ರಜ್ಞಾನ ಬಳಸಿದರೆ ಅಲ್ಲಿ ದಂಡ! ಮೇಷ್ಟರುಗಳಿಗೆ ನನ್ನದೊಂದು ಸಲಹೆ: ನಿಜವಾದ ಸ್ಪರ್ಧೆಗೆ ಮುನ್ನ ಮಕ್ಕಳಿಗೆ ಇಂಥದ್ದೊಂದು ಮಧ್ಯಾಹ್ನ ಕೊಡಿ. ಎಲ್ಲರೆದುರು ಒಮ್ಮೆ ಮುರಿದುಬಿದ್ದ ರೋಬೋ ನೋಡಿ ನಕ್ಕ ಮಕ್ಕಳು, ಮುಂದೆ ಅಂಗಳದಲ್ಲಿ ಗಾಡಿ ನಿಂತಾಗ ಅಳುತ್ತ ಕೂರುವ ಬದಲು ಟೂಲ್‌ಬಾಕ್ಸ್ ತೆರೆಯುತ್ತಾರೆ.

ಸ್ಪರ್ಧೆ ಮುಗಿದ ವಾರದಲ್ಲೇ ರೋಬೋವನ್ನು ಬಿಚ್ಚಿ ಬಿಡಿಭಾಗಗಳನ್ನು ಡಬ್ಬಕ್ಕೆ ತುಂಬುವ ಆತುರ ಬಡ ತಂಡಗಳಲ್ಲಿ ಸಹಜ. ಮೋಟರುಗಳು ಮುಂದಿನ ವರ್ಷಕ್ಕೆ ಬೇಕಲ್ಲ. ನನ್ನ ಕೋರಿಕೆ, ತೋಳನ್ನು ಬೇಕಿದ್ದರೆ ಬಿಚ್ಚಿ, ಓಡುವ ಗಾಡಿಯನ್ನು ಮಾತ್ರ ಹೊಸ ಆಟ ಪ್ರಕಟವಾಗುವವರೆಗೆ ಹಾಗೇ ಬಿಡಿ. ಬಿಚ್ಚುವ ಮುನ್ನ ಎಲ್ಲ ಕೋನದಿಂದ ಫೋಟೋ ತೆಗೆಯಿರಿ, ಕೋಡನ್ನು ಒಬ್ಬರ ಲ್ಯಾಪ್‌ಟಾಪಿನಲ್ಲಷ್ಟೇ ಬಿಡದೆ ಎಲ್ಲರಿಗೂ ಸಿಗುವ ಕಡೆ ಹಾಕಿ, ಯಾವ ಸ್ಕ್ರೂ ಪದೇ ಪದೇ ಸಡಿಲಾಯಿತು, ಯಾವ ವೈರ್ ಕಿತ್ತುಬಂತು ಎಂದು ಒಂದು ಪುಟ ಬರೆದು ಟೂಲ್‌ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿ. ಕೊನೆ ವರ್ಷದವರು ಹೋಗುತ್ತಾರೆ, ಹೊಸಬರು ಬರುತ್ತಾರೆ. ಅವರು ಬಂದ ಮೊದಲ ದಿನವೇ ಪಾಠ ಶುರುಮಾಡಬೇಡಿ. ರಿಮೋಟ್ ಕೈಗೆ ಕೊಟ್ಟು ಓಡಿಸಲು ಹೇಳಿ. ಎಲ್ಲಾದರೂ ಗುದ್ದಿ ನಿಲ್ಲಿಸುತ್ತಾರೆ. ಆಗ ಆ ಪುಟ ತೋರಿಸಿ, ಸ್ಕ್ರೂಡ್ರೈವರ್ ಕೊಡಿ.